ಗಾಲಿ ಕುರ್ಚಿಗಾಗಿ ಹೇಳಿದ ಸುಳ್ಳು

ಸರ್ಕಾರದವರು ಯಾರೇ ಮನೆಗೆ ಬಂದರೂ ಮೊದಲು ಅವರ ಕೈಯಲ್ಲಿರುವ ಫೋನ್ ನೋಡುವವಳು ನಾನು; ಫೋಟೋ ತೆಗೆಯಲಷ್ಟೇ ಬಂದಿರುತ್ತಾರೆ ಎಂಬ ಅನುಮಾನ. ಮಾಂಬಳ್ಳಿಯ ನಮ್ಮ ಮನೆಗೆ ವಾರಕ್ಕೊಮ್ಮೆ ಬರುತ್ತಿದ್ದ ಮೇಷ್ಟ್ರ ಮೇಲೂ ಅದೇ ಅನುಮಾನ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕೆಲಸ ಅವರದು. ನನ್ನ ಮಗಳಿಗೆ ಎಂಟು ವರ್ಷ. ಕಾಲು ನಿಲ್ಲುವುದಿಲ್ಲ, ಮಾತು ನಿಧಾನ. ಅವಳ ಕೈಗೆ ಪುಸ್ತಕ ಕೊಟ್ಟು ಒಂದು ಫೋಟೋ ತೆಗೆದರೆ ಅವರ ಪಾಠ ಮುಗಿಯಿತು ಎಂದುಕೊಂಡಿದ್ದೆ. ಅವರಿಂದಲೇ ಅವಳು ಅಕ್ಷರ ಕೂಡಿಸಿ ಓದಲು ಕಲಿತದ್ದು ಕಣ್ಣಿಗೆ ಕಂಡರೂ ಮನಸ್ಸು ಒಪ್ಪಲಿಲ್ಲ.

ಊರ ಶಾಲೆಯ ಮೇಲಂತೂ ಇನ್ನೂ ಗುಮಾನಿ. ಇಂಥ ಮಕ್ಕಳಿಗೆಂದೇ ಕಟ್ಟಿಸಿದ ಇಳಿಜಾರು ದಾರಿಯ ಮೇಲೆ ಹೆಡ್‌ಮೇಷ್ಟ್ರ ಬೈಕ್ ನಿಲ್ಲುತ್ತಿತ್ತು. ಎಲ್ಲರ ಜೊತೆ ಕೂತು ಕಲಿಯುವುದು ಪ್ರತಿ ಮಗುವಿನ ಹಕ್ಕು ಎಂದು ಗೋಡೆಯ ಮೇಲೆ ದಪ್ಪಗೆ ಬರೆಸಿದ್ದರು. ಕರೆಯಲು ಮಾತ್ರ ಒಬ್ಬರೂ ಬರಲಿಲ್ಲ.

ಕೊಳ್ಳೇಗಾಲದಲ್ಲಿ ತಪಾಸಣಾ ಶಿಬಿರ ಬಂತು. ಅಂಗವಿಕಲತೆ ಎಷ್ಟು ಪರ್ಸೆಂಟ್, ಗಾಲಿ ಕುರ್ಚಿ ಕೊಡಬೇಕೇ, ಮಗು ಶಾಲೆಗೋ ಮನೆಪಾಠಕ್ಕೋ ಎಂಬುದೆಲ್ಲ ಅಲ್ಲೇ ತೀರ್ಮಾನ. ಪಕ್ಕದ ಮನೆಯಾಕೆ ಹಿಂದಿನ ದಿನವೇ ಎಚ್ಚರಿಸಿದ್ದಳು: "ಮಗಾ ಚುರುಕಾಗೈತೆ ಅಂತ ತೋರುಸ್ಕಬೇಡಿ ಕಣಕ್ಕ. ಪರ್ಸೆಂಟ್ ಕಮ್ಮಿ ಬರ್ದ್‌ಬುಟ್ರೆ ಕುರ್ಚಿ ಕೊಡಕಿಲ್ಲ." ನಮ್ಮ ಕಡೆ ತಾಯಂದಿರೆಲ್ಲ ಮಾಡುವುದೇ ಹೀಗೆ. ನಾನೂ ಬಸ್ಸಿನಲ್ಲಿ ಮಗಳ ಕಿವಿಯಲ್ಲಿ ಹೇಳಿದೆ: "ಏನ್ ಕೇಳುದ್ರೂ ಸುಮ್ಕಿರು ಮಗ."

ಶಿಬಿರದಲ್ಲಿ ಡಾಕ್ಟರಮ್ಮ ಹಸುವಿನ ಚಿತ್ರ ತೋರಿಸಿ ಇದೇನೆಂದು ಕೇಳಿದರು. ಮಗಳ ತುಟಿ ಅಲುಗಿತು. ನಾನು ಭುಜ ಒತ್ತಿದೆ. ಅವಳು ತಲೆ ತಗ್ಗಿಸಿದಳು. ಮನೆಪಾಠ ಸಾಕು ಎಂದು ಡಾಕ್ಟರಮ್ಮ ಬರೆಯಹೊರಟಾಗ, ಶಿಬಿರಕ್ಕೆ ಬಂದು ಹಿಂದೆ ನಿಂತಿದ್ದ ನಮ್ಮ ಮೇಷ್ಟ್ರು ಮುಂದೆ ಬಂದರು.

"ಇಲ್ಲ ಮೇಡಂ, ಈ ಮಗಾ ಓದ್ತದೆ. ಈ ವರ್ಸ ಕ್ಲಾಸಲ್ಲೇ ಕೂರುಸ್ಬೇಕು ಅಂತ ಹೆಡ್‌ಮೇಷ್ಟ್ರ ಜೊತೆ ಜಗಳ ಆಡಿವ್ನಿ."

ತಾನು ಓದಿಸಿದೆ ಎಂದು ಹೆಸರು ಗಿಟ್ಟಿಸಲು ನನ್ನ ಮಗಳ ಕುರ್ಚಿ ತಪ್ಪಿಸುತ್ತಿದ್ದಾನಲ್ಲ ಎಂದು ಮೈ ಉರಿದುಹೋಯಿತು.

"ಓದ್ತಾಳೇನಮ್ಮ?" ಡಾಕ್ಟರಮ್ಮ ನನ್ನನ್ನೇ ಕೇಳಿದರು.

"ಇಲ್ಲ ಮೇಡಂ. ಮೇಷ್ಟ್ರು ಸುಮ್ಕೆ ಏಳ್ತಾವ್ರೆ."

ಮೇಷ್ಟ್ರು ನನ್ನ ಮುಖವನ್ನೊಮ್ಮೆ ನೋಡಿ ಹಿಂದೆ ಸರಿದರು. ಕುರ್ಚಿ ಸಿಕ್ಕಿತು. ಶಾಲೆಗೆ ಬರಬೇಕಿಲ್ಲ ಎಂಬ ಕಾಗದವೂ ಸಿಕ್ಕಿತು.

ವಾಪಸು ಬರುವಾಗ ಗೆದ್ದವಳ ಹಾಗೆ ಕೂತಿದ್ದೆ. ಊರು ಹತ್ತಿರವಾಯಿತು. ಮಗಳು ಒಂದೊಂದೇ ಮಾತು ಜೋಡಿಸಿಕೊಂಡು ಕೇಳಿದಳು:

"ಅವ್ವಾ, ನಂಗೆ ಓದಕ್ ಬತ್ತದೆ ಅಂದ್ರೆ ನಿಂಗೆ ನಾಚ್ಕೆನಾ?"