ರಟ್ಟಮ್ಮ ಮತ್ತು ನಲವತ್ತಕ್ಕೆ ನಲವತ್ತು

ನಮ್ಮ ಶಾಲೆಯಲ್ಲಿ ರಟ್ಟಮ್ಮನಿಗೆ ಹೆದರದವರೆಂದರೆ ಮಕ್ಕಳು ಮಾತ್ರ. ಉಳಿದವರೆಲ್ಲ, ಹೆಡ್‌ಮೇಡಂ ಕೂಡ ಸೇರಿದಂತೆ, ಅವಳ ಕೋಣೆಯ ಮುಂದೆ ಹೆಜ್ಜೆ ಸಣ್ಣದು ಮಾಡಿಕೊಂಡು ಹೋಗುತ್ತಿದ್ದೆವು. ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು, ಅದನ್ನು ಬರೆಯುತ್ತಿದ್ದವಳು ಶಾಲೆಯ ಗುಮಾಸ್ತೆಯಾದ ನಾನು. ರಟ್ಟು ಕತ್ತರಿಸಿ ಹರಿದ ಪುಸ್ತಕಗಳಿಗೆ ಹೊಸ ಮೈ ಕೊಡುವವಳಾದ್ದರಿಂದ ಯಾವುದೋ ತರಗತಿಯ ಯಾವುದೋ ತುಂಟ ಅವಳಿಗೆ ಆ ಹೆಸರಿಟ್ಟಿದ್ದ. ಅವಳು ಬೇಡ ಅನ್ನಲಿಲ್ಲ.

ವರ್ಷಕ್ಕೆ ಎರಡೇ ತಿಂಗಳು ಅವಳ ಕೆಲಸ. ಪರೀಕ್ಷೆ ಮುಗಿದು ಶಾಲೆ ಖಾಲಿಯಾದ ಮೇಲೆ ಗ್ರಂಥಾಲಯದ ಪುಸ್ತಕಗಳೆಲ್ಲ ಮೆಟ್ಟಿಲ ಹಿಂದಿನ ಕೋಣೆಗೆ ಬರುತ್ತಿದ್ದವು. ಬೆನ್ನು ಕಿತ್ತವು, ಹಾಳೆ ಉದುರಿದವು, ಮೀಸೆ ಬರೆಸಿಕೊಂಡವು. ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ತಿರುಪು ತಿರುಗಿಸಿ ಬಿಗಿಯುವ ಕಬ್ಬಿಣದ ಪ್ರೆಸ್ಸು, ದಬ್ಬಳ, ಮೇಣ ಹಚ್ಚಿದ ದಾರ, ಮೈದಾ ಅಂಟಿನ ಪಾತ್ರೆ. ಹುಳ ಹಿಡಿಯಬಾರದೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದಳು, ಅದು ವಿಷವಾದ್ದರಿಂದ ಮಕ್ಕಳ ಕೈಗೆ ಆ ಪಾತ್ರೆ ಸಿಗದ ಹಾಗೆ ತನ್ನ ಮಂಡಿಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು.

ರಜೆಯಲ್ಲಿ ಮನೆಯಲ್ಲಿ ಇರಲಾರದ ಮಕ್ಕಳು ಒಬ್ಬೊಬ್ಬರಾಗಿ ಆ ಕೋಣೆಗೆ ಬರುತ್ತಿದ್ದರು. ಹಾಜರಿ ಇಲ್ಲ, ಸರ್ಟಿಫಿಕೇಟ್ ಇಲ್ಲ, ಯಾಕೆ ಬಂದೆ ಅಂತ ಕೇಳುವವರಿಲ್ಲ. ಹೊಸದಾಗಿ ಬಂದವರಿಗೆ ಮೊದಲ ಕೆಲಸ ಯಾವಾಗಲೂ ಒಂದೇ: ಹಳೆ ಪುಸ್ತಕವನ್ನು ಬಿಚ್ಚುವುದು. ರಟ್ಟು ಕೀಳಬೇಕು, ದಾರ ಕತ್ತರಿಸಬೇಕು, ಒಣಗಿದ ಅಂಟು ಕೆರೆಯಬೇಕು. "ಮೊದಲು ಚೆನ್ನಾಗಿ ಬಿಚ್ಚೋದು ಕಲೀರಿ. ಹೊಲಿಯೋಕೆ ಏನು ಅವಸರ, ರೈಲು ಹಿಡೀಬೇಕಾ?" ಎನ್ನುತ್ತಿದ್ದಳು. ಅಲ್ಲಿಂದ ಎದ್ದು ಹೋಗುವ ಮಕ್ಕಳ ಮುಖ ಬಂದಾಗಿನ ಮುಖವಾಗಿರುತ್ತಿರಲಿಲ್ಲ. ಅದನ್ನು ನಾನು ಕಿಟಕಿಯಿಂದ ನೋಡಿಯೂ ನೋಡದ ಹಾಗಿದ್ದೆ.

ಸುಳ್ಳೇಕೆ ಹೇಳಲಿ, ಆ ಕೋಣೆ ಕೆಲಸಕ್ಕೆ ಬಾರದವರ ಅಡ್ಡೆ ಎಂದೇ ನಾನು ತಿಳಿದಿದ್ದೆ. ನನ್ನ ಮಗಳನ್ನು ಅತ್ತ ಸುಳಿಯಲೂ ಬಿಟ್ಟಿರಲಿಲ್ಲ. ಅವಳು ಎಂಟನೇ ತರಗತಿ, ಮೊದಲನೆಯ ಬೆಂಚು, ಎಲ್ಲದರಲ್ಲೂ ಮೊದಲು. ನನಗಿದ್ದ ಜಂಬ ಅಷ್ಟಿಷ್ಟಲ್ಲ. ಬೇಸಿಗೆಯ ಅವಕಾಶಗಳು ಎಂದು ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ, ಪಟ್ಟಿ ಮಾಡಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಬೆಳಿಗ್ಗೆ ಗಣಿತ ಶಿಬಿರ, ಹತ್ತಕ್ಕೆ ರೋಬೋಟು, ಮಧ್ಯಾಹ್ನ ಭಾಷಣ ಕಲೆ, ಸಂಜೆ ಮುಂದಿನ ವರ್ಷದ ವಿಜ್ಞಾನ. ಹುಡುಗಿ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಿದ್ದಳು. ಓಮದ ನೀರು ಕುಡಿಸಿ ಕಳಿಸುತ್ತಿದ್ದೆ. ಉಗುರು ಕಚ್ಚಿ ಕಚ್ಚಿ ಬೆರಳ ತುದಿಯಲ್ಲಿ ರಕ್ತ ಬರುತ್ತಿತ್ತು. ಗದರಿಸುತ್ತಿದ್ದೆ. ತೊಂಬತ್ತೆಂಟು ತಂದರೆ, "ಇನ್ನೆರಡು ಎಲ್ಲಿ ಹೋಯ್ತೇ?" ಎಂದು ನಗುತ್ತಾ ಕೇಳುತ್ತಿದ್ದೆ. ನನಗದು ತಮಾಷೆಯಾಗಿತ್ತು.

ಆ ವರ್ಷ ಆಡಳಿತ ಮಂಡಳಿಯವರಿಗೆ ಇದ್ದಕ್ಕಿದ್ದಂತೆ ಮಕ್ಕಳ ಮನಸ್ಸಿನ ಚಿಂತೆ ಹತ್ತಿಕೊಂಡಿತು. ರಜೆಯಲ್ಲಿ ಮಕ್ಕಳ ಕಷ್ಟ ವಾರದಿಂದ ವಾರಕ್ಕೆ ಇಳಿಯುತ್ತಿದೆ ಎಂದು ತೋರಿಸುವ ಚಾರ್ಟು ಬೇಕಂತೆ. ಹೆಡ್‌ಮೇಡಂ ಎಂಟು ಪ್ರಶ್ನೆಗಳ ಒಂದು ಹಾಳೆ ತಯಾರಿಸಿದರು, ಟೈಪು ಮಾಡಿದವಳು ನಾನು. ನನಗೆ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಎದ್ದರೆ ಭಯವಾಗುತ್ತದೆ. ಹೇಳಿಕೊಳ್ಳಲು ನನಗೆ ಯಾರೂ ಇಲ್ಲ. ಹೀಗೆ ಎಂಟು. ಸ್ವಲ್ಪವೂ ಇಲ್ಲದಿದ್ದರೆ ಸೊನ್ನೆಗೆ ಸುತ್ತು ಹಾಕಬೇಕು, ತುಂಬಾ ಇದ್ದರೆ ಐದಕ್ಕೆ. ಹೆಸರು ಬರೆಯಬಾರದು ಎಂದು ದಪ್ಪಕ್ಷರದಲ್ಲಿತ್ತು. ನಮ್ಮ ಶಾಲೆಯಲ್ಲೇ ನಡೆಯುತ್ತಿದ್ದ ಗಣಿತ ಶಿಬಿರಕ್ಕೆ ಬಂದ ಮೂವತ್ತು ಮಕ್ಕಳನ್ನು ಕೂರಿಸಿ ಬರೆಸಿದರು.

ಹಾಳೆಗಳು ನನ್ನ ಮೇಜಿಗೆ ಬಂದಾಗ ನೋಡುತ್ತೇನೆ, ಎಲ್ಲವೂ ಐದು! ಇಪ್ಪತ್ತೊಂಬತ್ತು ಮಕ್ಕಳು ಎಂಟಕ್ಕೆ ಎಂಟೂ ಪ್ರಶ್ನೆಗೆ ಐದಕ್ಕೇ ಸುತ್ತು ಹಾಕಿದ್ದರು. ಪಾಪ, ಹುಟ್ಟಿದಾಗಿನಿಂದ ನಾವು ಕಲಿಸಿದ್ದು ಅದೊಂದೇ ತಾನೇ. ಹಾಳೆಯ ಮೇಲೆ ಅಂಕೆ ಕಂಡರೆ ಅದು ಮಾರ್ಕ್ಸು, ದೊಡ್ಡದೇ ಒಳ್ಳೆಯದು. ಹೆಡ್‌ಮೇಡಂ ತಲೆಗೆ ಕೈ ಹೊತ್ತರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ನಲವತ್ತಕ್ಕೆ ನಲವತ್ತು ಮೇಡಂ! ನಮ್ಮ ಮಕ್ಕಳು ದುಃಖದಲ್ಲೂ ಫಸ್ಟ್ ಕ್ಲಾಸು!" ಎಂದೆ. ಒಂದು ಹಾಳೆಯಲ್ಲಿ ಮಾತ್ರ ಎರಡು ಕಡೆ ನಾಲ್ಕಿತ್ತು. ಅದನ್ನು ಎತ್ತಿ ತೋರಿಸಿ, "ಇಲ್ಲೊಬ್ಬರಿಗೆ ಮೂವತ್ತೆಂಟು. ಅಯ್ಯೋ ಪಾಪ, ಇನ್ನೆರಡು ಎಲ್ಲಿ ಹೋಯ್ತೋ!" ಎಂದೆ.

ಹೆಡ್‌ಮೇಡಂಗೂ ನಗು ಬಂತು. "ಇದೆಲ್ಲ ರದ್ದಿಗೆ ಹಾಕಿ. ಐದು ಅಂದ್ರೆ ಚೆನ್ನಾಗಿದ್ದೀನಿ ಅಂತ ಬದಲಾಯಿಸಿ, ಹೊಸದಾಗಿ ಟೈಪ್ ಮಾಡಿ. ಮಕ್ಕಳು ಹೇಗೂ ಐದೇ ಹಾಕ್ತಾರೆ, ನಮಗೂ ಒಳ್ಳೇದು" ಎಂದರು. ನಾನು ಹಾಳೆಗಳನ್ನು ರಟ್ಟಮ್ಮನ ಕೋಣೆಗೆ ಕಳಿಸಿದೆ. ಒಂದು ಕಡೆ ಖಾಲಿ ಇರುವ ಕಾಗದದಿಂದ ಅವಳು ರಫ್ ನೋಟುಬುಕ್ಕು ಹೊಲಿಯುತ್ತಿದ್ದಳು.

ಅರ್ಧ ಗಂಟೆಯಾಗಿರಲಿಲ್ಲ, ರಟ್ಟಮ್ಮ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಬೆರಳಲ್ಲಿ ಅಂಟು ಒಣಗಿತ್ತು, ಕೈಯಲ್ಲಿ ಒಂದೇ ಒಂದು ಹಾಳೆ.

"ಏನಮ್ಮಾ ಆಫೀಸಮ್ಮ, ಎಲ್ಲ ಮಕ್ಕಳ ಅಕ್ಷರಾನೂ ನಿನಗೆ ಗೊತ್ತಲ್ಲ. ಇದು ಯಾರದ್ದು ನೋಡು."

ನಾನು ನಕ್ಕು ನಗಿಸಿದ ಮೂವತ್ತೆಂಟರ ಹಾಳೆ ಅದು. ಅವಳು ಅದನ್ನು ತಿರುಗಿಸಿ ಮೇಜಿನ ಮೇಲಿಟ್ಟಳು. ಹಿಂದೆ, ಕೆಳಗಿನ ಮೂಲೆಯಲ್ಲಿ, ಪೆನ್ಸಿಲಿನಲ್ಲಿ ಇರುವೆಯಷ್ಟು ಅಕ್ಷರ: ನಾನು ಮಾರ್ಕ್ಸ್ ಅಂದುಕೊಂಡು ಹಾಕಿಲ್ಲ. ಓದಿಯೇ ಹಾಕಿದ್ದು. ದಯವಿಟ್ಟು ಅಮ್ಮನಿಗೆ ಹೇಳಬೇಡಿ.

ಆ ಅಕ್ಷರವನ್ನು ತಿದ್ದಿಸಿದವಳು ನಾನೇ. ಹಾಳೆಯನ್ನು ಹತ್ತಿರಕ್ಕೆಳೆದು ಮತ್ತೊಮ್ಮೆ ಓದಿದೆ. ನನ್ನ ಮುಖ ನೋಡಿ ರಟ್ಟಮ್ಮನಿಗೆ ಹೇಳದೆಯೇ ಎಲ್ಲ ತಿಳಿಯಿತು. ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದು ನನ್ನೆದುರು ಕೂತಳು.

"ನಿನಗೆ... ಹಿಂದೆ ನೋಡಬೇಕು ಅಂತ ಹೇಗೆ ಹೊಳೀತು?" ಎಂದೆ.

ಆಗ ಹೇಳಿದಳು. ಈ ಶಾಲೆಗೆ ಬರುವ ಮೊದಲು ಮೂವತ್ತು ವರ್ಷ ಅವಳು ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿದ್ದಳು. ತಿದ್ದಿ ಮುಗಿದ ಉತ್ತರಪತ್ರಿಕೆಗಳು ಮೂಟೆಗಟ್ಟಲೆ ಅಲ್ಲಿಗೆ ಬರುತ್ತಿದ್ದವು. ಐವತ್ತೈವತ್ತು ಸೇರಿಸಿ ದಬ್ಬಳದಿಂದ ಹೊಲಿದು ಕೋಣೆಗೆ ತುಂಬುವುದು ಅವಳ ಕೆಲಸ. ಹೊಲಿಯುವ ಮುಂಚೆ ಹಾಳೆ ತಿರುಗಿಸಿ ಅಂಚು ಸರಿಮಾಡಬೇಕು. ಹಾಗೆ ತಿರುಗಿಸುವಾಗ ಕೊನೆಯ ಪುಟ ಕಣ್ಣಿಗೆ ಬೀಳುತ್ತಿತ್ತು.

"ಕೊನೇ ಪುಟಕ್ಕೆ ಮಾರ್ಕ್ಸ್ ಇಲ್ಲ ನೋಡು. ಮಕ್ಕಳು ನಿಜ ಬರೆಯೋದು ಅಲ್ಲೇ. ಪಾಸ್ ಮಾಡಿ ಸಾರ್, ಮನೆಗೆ ಹೋಗೋಕೆ ಭಯ. ಅಪ್ಪ ನನ್ನ ಹತ್ರ ಮಾತಾಡಿ ಆರು ತಿಂಗಳಾಯ್ತು ಮೇಡಂ. ಇಂಥದ್ದು ಎಷ್ಟು ಅಂತ ಹೇಳಲಿ! ಪೇಪರ್ ತಿದ್ದಿದವರು ಯಾರೂ ಉತ್ತರ ಬರೆದಿರಲಿಲ್ಲ. ನಾನೂ ಏನು ಮಾಡಿದೆ? ಅದರ ಮೇಲೇ ದಬ್ಬಳ ಚುಚ್ಚಿದೆ. ಹೆಸರಿಲ್ಲ, ಊರಿಲ್ಲ, ಯಾರನ್ನ ಅಂತ ಹುಡುಕ್ಲಿ? ಆವತ್ತಿಂದ ನನಗೆ ಚಟ ಹಿಡೀತು. ಯಾವ ಹಾಳೆ ಬಂದರೂ ಹಿಂದೆ ನೋಡದೆ ಹೊಲಿಯಲ್ಲ." ಹಾಳೆಯ ಮಡಿಚಿದ್ದ ಮೂಲೆಯನ್ನು ಬೆರಳಿನಿಂದ ಒತ್ತಿ ಸರಿಮಾಡಿದಳು. "ಇದೊಂದು ಸಲ ಯಾರು ಅಂತ ಸಿಕ್ಕಿತು."

"ನಾನೀಗ ಏನು ಮಾಡ್ಲಿ ರಟ್ಟಮ್ಮ?"

"ಮೊದಲು ಅತ್ತುಬಿಡು. ಆಮೇಲೆ ಮುಖ ತೊಳ್ಕೊಂಡು ಮನೆಗೆ ಹೋಗು. ಓದಿಲ್ಲ ಅಂತ ನಾಟಕ ಆಡಬೇಡ, ಓದಿದೆ ಅಂತ ಹೇಳು. 'ಯಾಕೆ' ಅಂತ ಮಾತ್ರ ಕೇಳಬೇಡ. ಯಾಕೆ ಅನ್ನೋದು ನಿನ್ನ ಬಾಯಲ್ಲಿ ಪ್ರಶ್ನೆಪತ್ರಿಕೆ ಥರ ಕೇಳಿಸುತ್ತೆ. ಇನ್ನೊಂದು, ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ನಾನೇನು ಡಾಕ್ಟ್ರಾ? ರಟ್ಟು ಅಂಟಿಸೋಳು."

ಸಂಜೆ ವಿಜ್ಞಾನದ ಪಾಠಕ್ಕೆ ಚೀಲ ಹೆಗಲಿಗೇರಿಸಿ ನಿಂತಿದ್ದ ಮಗಳಿಗೆ, "ನಿನ್ನ ಹಾಳೆ ಓದಿದೆ ಕಣೇ" ಎಂದೆ. ಅವಳ ಮುಖ ಬಿಳಿಚಿಕೊಂಡಿತು. "ಸಾರಿ ಅಮ್ಮ" ಎಂದಳು. ಸಾರಿ! ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಫ್ರಿಜ್ಜಿನ ಮೇಲಿದ್ದ ಪಟ್ಟಿಯನ್ನು ಬಣ್ಣದ ಸಮೇತ ಕಿತ್ತು ಹಾಕಿದೆ. ಅದರ ಗುರುತು ಇವತ್ತಿಗೂ ಆ ಬಾಗಿಲ ಮೇಲಿದೆ. ಮರುದಿನ ಡಾಕ್ಟರರನ್ನು ಕಂಡು, ಅಲ್ಲಿಂದ ನೇರ ರಟ್ಟಮ್ಮನ ಕೋಣೆಗೆ ಕರೆದುಕೊಂಡು ಹೋದೆ. ಒಂದು ವಾರ ರಜೆ ಹಾಕಿ ನಾನೂ ಪಕ್ಕದಲ್ಲೇ ಕೂತೆ.

ರಟ್ಟಮ್ಮ ಇಬ್ಬರಿಗೂ ಒಂದೊಂದು ಹರಕು ಪುಸ್ತಕ ಎಸೆದಳು. ಮೂರು ದಿನ ಮಾತಿಲ್ಲ, ಕಥೆಯಿಲ್ಲ, ಬರೀ ಕೀಳುವುದು, ಕೆರೆಯುವುದು. ನಾನು ಅವಸರಕ್ಕೆ ಹಾಳೆ ಹರಿದುಬಿಟ್ಟಾಗ, "ಆಫೀಸಮ್ಮ ಫೇಲು!" ಎಂದು ರಟ್ಟಮ್ಮ ಕೂಗಿದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಮಗಳೂ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು ಎಂದು ಲೆಕ್ಕ ಹಾಕಲು ನನಗೆ ಧೈರ್ಯ ಬರಲಿಲ್ಲ.

ನಾಲ್ಕನೇ ದಿನ, ದಾರಕ್ಕೆ ಮೇಣ ಹಚ್ಚುತ್ತಾ, ನನ್ನ ಕಡೆ ನೋಡದೆ ಮಗಳೇ ಬಾಯಿಬಿಟ್ಟಳು. "ಇನ್ನೆರಡು ಎಲ್ಲಿ ಹೋಯ್ತು ಅಂತೀಯಲ್ಲಮ್ಮ, ನಾನು ಇಡೀ ದಿನ ಅದನ್ನೇ ಹುಡುಕ್ತಾ ಇರ್ತೀನಿ. ಸ್ನಾನ ಮಾಡುವಾಗಲೂ." ನಾನು ಅವಳ ಕೈಯಲ್ಲಿದ್ದ ದಾರದ ಇನ್ನೊಂದು ತುದಿ ಹಿಡಿದುಕೊಂಡೆ.

ಶನಿವಾರ ಹೆಡ್‌ಮೇಡಂ ಒಂದು ಕೈಯಲ್ಲಿ ಬೀಗ, ಇನ್ನೊಂದರಲ್ಲಿ ಹೆಸರಿನ ಪಟ್ಟಿ ಹಿಡಿದುಕೊಂಡು ಬಂದರು. ಸೋಮವಾರದಿಂದ ಆ ಕೋಣೆಯಲ್ಲಿ ಜಾಣ ಮಕ್ಕಳ ವಿಶೇಷ ತರಗತಿ. ಪಟ್ಟಿಯ ತಲೆಯಲ್ಲೇ ನನ್ನ ಮಗಳ ಹೆಸರು, ಹದಿನೈದು ದಿನದ ಹಿಂದೆ ನಾನೇ ಕುಣಿಯುತ್ತಾ ಬರೆದದ್ದು. ಪುಸ್ತಕಗಳನ್ನು ಗೋದಾಮಿಗೆ ಸಾಗಿಸಬೇಕಂತೆ.

ರಟ್ಟಮ್ಮ ಕೂತಲ್ಲಿಂದ ಅಲ್ಲಾಡಲಿಲ್ಲ. "ಪ್ರೆಸ್ಸಲ್ಲಿ ಪುಸ್ತಕ ಒಣಗ್ತಿವೆ ಮೇಡಂ, ಮುಟ್ಟಿದ್ರೆ ಸೊಟ್ಟಗಾಗ್ತವೆ. ಬೀಗ ಹಾಕಲೇಬೇಕು ಅಂದ್ರೆ ಹಾಕಿ. ನಾನು ಒಳಗೇ ಇರ್ತೀನಿ."

"ಇದೇನು ಹಟ? ಇಲ್ಲಿ ಕೂತು ಈ ಮಕ್ಕಳಿಗೆ ಏನು ಸಿಗುತ್ತೆ? ಒಂದು ಸರ್ಟಿಫಿಕೇಟೂ ಇಲ್ಲ!" ಎಂದ ಹೆಡ್‌ಮೇಡಂ, ನನ್ನ ಮಗಳ ಕಡೆ ತಿರುಗಿ ದನಿ ಮೃದು ಮಾಡಿದರು. "ನೀನು ಜಾಣೆ, ನೀನಾದ್ರೂ ಹೇಳಮ್ಮ ಇವರಿಗೆ."

ಮಗಳು ಎದ್ದು ನಿಂತಳು. ಕೈಯಲ್ಲಿದ್ದ ದಬ್ಬಳವನ್ನು ಮೇಜಿನ ಮೇಲಿಟ್ಟಳು. "ನಾನು ಬರಲ್ಲ ಮೇಡಂ. ನನ್ನ ಹೆಸರು ತೆಗೆದುಬಿಡಿ" ಎಂದಳು. ಕಡ್ಡಿ ಮುರಿದ ಹಾಗೆ ಹೇಳಿದಳು. ದೊಡ್ಡವರ ಎದುರು ಅವಳು ಬೇಡ ಎಂದದ್ದು ಅದೇ ಮೊದಲು.

ಹೆಡ್‌ಮೇಡಂ ನನ್ನತ್ತ ನೋಡಿದರು. ತಾಯಿ ಗದರಿಸುತ್ತಾಳೆ ಎಂದುಕೊಂಡಿರಬೇಕು. ನಾನು ಅವರ ಕೈಯಿಂದ ಪಟ್ಟಿ ತೆಗೆದುಕೊಂಡು, ಮಗಳ ಹೆಸರಿನ ಮೇಲೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದೆ.

"ನೀವೊಬ್ಬ ಗುಮಾಸ್ತೆ ಅನ್ನೋದು ನೆನಪಿರಲಿ!"

"ಚೆನ್ನಾಗಿ ನೆನಪಿದೆ ಮೇಡಂ. ಹೆಸರು ಬರೆದಿದ್ದೂ ನಾನೇ, ಹೊಡೆದಿದ್ದೂ ನಾನೇ. ಆ ಹೊಸ ಹಾಳೆನೂ ನಾನು ಟೈಪ್ ಮಾಡಲ್ಲ. ಮೊದಲಿನದ್ದೇ ಸರಿಯಾಗಿತ್ತು, ಓದೋಕೆ ಬರದೇ ಇದ್ದದ್ದು ನಮಗೆ" ಎಂದು, ನನ್ನ ಚೀಲದಲ್ಲಿದ್ದ ಮೂವತ್ತೆಂಟರ ಹಾಳೆ ತೆಗೆದು ಮಗಳ ಕಡೆ ನೋಡಿದೆ. ಅವಳು ಹೂಂ ಎಂದು ತಲೆಯಾಡಿಸಿದ ಮೇಲೆ ಅವರ ಕೈಗಿಟ್ಟೆ. ಅವರು ಮುಂದೆ ಓದಿದರು. ತಿರುಗಿಸಿ ಹಿಂದೆಯೂ ಓದಿದರು. ನಾವಿಬ್ಬರೂ ಸೇರಿ ನಕ್ಕದ್ದು ಅವರಿಗೂ ನೆನಪಾಗಿರಬೇಕು. ಬೀಗ ಹಿಡಿದುಕೊಂಡೇ ಹೊರಟುಹೋದರು.

ಇದಾದ ಮೇಲೆ ಎಲ್ಲ ಸರಿಹೋಯಿತು ಎಂದರೆ ನಂಬಬೇಡಿ. ಮೇಲಿನವರು ನನ್ನಿಂದ ವಿವರಣೆ ಬರೆಸಿಕೊಂಡರು. ವಿಶೇಷ ತರಗತಿ ಬೇರೆ ಕೋಣೆಯಲ್ಲಿ ನಡೆಯಿತು. ಮಗಳು ಈಗಲೂ ಕೆಲವು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂರುತ್ತಾಳೆ, ನಾನು ಪಕ್ಕದಲ್ಲಿ ಕೂರುತ್ತೇನೆ. ರಟ್ಟಮ್ಮನ ಕೋಣೆ ಮಾತ್ರ ಮೆಟ್ಟಿಲ ಹಿಂದೆ ಹಾಗೇ ಇದೆ, ಅವಳ ನಾಲಿಗೆಯೂ ಹಾಗೇ ಇದೆ.

ಈ ಬೇಸಿಗೆ ಅದೇ ಎಂಟು ಪ್ರಶ್ನೆಯ ಹಾಳೆ ಮತ್ತೆ ಬಂತು, ಒಂದಂಕೆಯೂ ಬದಲಾಗದೆ. ಈ ಸಲ ಹೆಡ್‌ಮೇಡಂ ಮಕ್ಕಳ ಎದುರು ನಿಂತು, ಇದು ಮಾರ್ಕ್ಸ್ ಅಲ್ಲ ಎಂದು ಮೂರು ಸಲ ಹೇಳಿದರು. ಹಾಳೆಗಳನ್ನು ಎಣಿಸುತ್ತಾ ನಾನು ಒಂದೊಂದನ್ನೂ ತಿರುಗಿಸಿ ನೋಡಿದೆ, ರಟ್ಟಮ್ಮನ ಚಟ ನನಗೂ ಅಂಟಿದೆ. ಒಂದರ ಹಿಂಬದಿ ಖಾಲಿಯಿತ್ತು, ಬರೆದದ್ದೆಲ್ಲ ಮುಂದೆಯೇ ಇತ್ತು. ನಿದ್ದೆಗೆ ಎರಡು. ಭಯಕ್ಕೆ ಮೂರು. ಹೇಳಿಕೊಳ್ಳಲು ಯಾರೂ ಇಲ್ಲ ಎಂಬುದಕ್ಕೆ ಸೊನ್ನೆ. ಮೇಲೆ, ಹೆಸರು ಬರೆಯಬಾರದು ಎಂಬ ದಪ್ಪಕ್ಷರದ ಪಕ್ಕದಲ್ಲೇ, ಅದಕ್ಕಿಂತ ದಪ್ಪಕ್ಷರದಲ್ಲಿ, ನನ್ನ ಮಗಳು ತನ್ನ ಪೂರ್ತಿ ಹೆಸರು ಬರೆದಿದ್ದಳು.