ಮಾವನವರ ವಿಲಾಯತಿ ತೌಡು

ನಾನು ಮೂಡಲಗಿಯಿಂದ ಹುಕ್ಕೇರಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಎರಡು ಬಗೆಯ ಅಡುಗೆ ನಡೆಯುತ್ತಿತ್ತು. ಒಂದು ಗಂಡಸರದು, ಇನ್ನೊಂದು ಹೆಂಗಸರದು. ನನ್ನ ತವರಿನಲ್ಲಿ ಅಪ್ಪನೂ ಅಪ್ಪನ ಆಳುಗಳೂ ಒಂದೇ ಬುಟ್ಟಿಯ ಜೋಳದ ರೊಟ್ಟಿ ತಿನ್ನುತ್ತಿದ್ದುದರಿಂದ ನನಗೆ ಇದು ವಿಚಿತ್ರವೆನಿಸಿತು. ಮೊದಲ ದಿನ ಅತ್ತೆಯವರನ್ನು ಕೇಳಿಯೂಬಿಟ್ಟೆ.

"ಅದು ದೊಡ್ಡ ಮಂದಿ ಊಟ, ತಂಗಿ. ನಮ್ಮದು ದನದ ಊಟ. ನಿಮ್ಮ ಮಾವಾರ ಹೇಳ್ಯಾರ" ಎಂದರು ಅತ್ತೆ. ಮುಖದಲ್ಲಿ ನಗುವಿರಲಿಲ್ಲ, ದನಿಯಲ್ಲಿ ಇತ್ತು.

ಮಾವನವರು ಕಚೇರಿಯಲ್ಲಿ ಕಾರಕೂನರು. ಒಂದು ಸಲ ಬೆಳಗಾವಿಯಲ್ಲಿ ಕೆಲವು ತಿಂಗಳು ಗೋರಾ ಸಾಹೇಬನೊಬ್ಬನ ಕೈಕೆಳಗೆ ಕೆಲಸ ಮಾಡಿ ಬಂದಿದ್ದರು. ಸಾಹೇಬನ ಭಾಷೆ ಅವರಿಗೆ ಅಷ್ಟಾಗಿ ಹತ್ತಿರಲಿಲ್ಲ. ಅವನ ಊಟದ ಮೇಜಿನ ಬಣ್ಣ ಮಾತ್ರ ಚೆನ್ನಾಗಿ ಹತ್ತಿತ್ತು. ಸಾಹೇಬ ತಿನ್ನುವ ಪಾವು ಬ್ರೆಡ್ಡು ಬಿಳಿ, ಸಕ್ಕರೆ ಬಿಳಿ, ಮೇಜಿನ ಮೇಲಿನ ಬಟ್ಟೆಯೂ ಬಿಳಿ. ಸಾಹೇಬನಂತೂ ಹುಟ್ಟಾ ಬಿಳಿ. ಇಷ್ಟು ಸಾಕ್ಷಿ ಸಿಕ್ಕ ಮೇಲೆ ಕಾರಕೂನರು ತೀರ್ಪು ಕೊಡದೆ ಇರುತ್ತಾರೆಯೇ? ಕಪ್ಪಗೆ, ಕೆಂಪಗೆ, ತರಿತರಿಯಾಗಿ ಇರುವುದೆಲ್ಲ ರೈತಾಪಿ ಮಂದಿಯ ತಿನಿಸು. ನುಣ್ಣಗೆ ಬೆಳ್ಳಗೆ ಇರುವುದು ಸುಧಾರಿಸಿದವರದು.

ಒನಕೆಯಲ್ಲಿ ಕುಟ್ಟಿದ ಅಕ್ಕಿ ಮನೆಯಿಂದ ಹೊರಬಿತ್ತು. ಗಿರಣಿಯಲ್ಲಿ ಒಂದಕ್ಕೆರಡು ಸಲ ಹಾಕಿಸಿ ಮುತ್ತಿನಂತೆ ಹೊಳೆಯುವ ಅಕ್ಕಿಯ ಮೂಟೆ ಬಂತು. ಅದರಿಂದ ಹೊರಟ ತೌಡನ್ನೂ ಮಾವನವರು ಬಿಡದೆ ತರಿಸುತ್ತಿದ್ದರು, ಎಮ್ಮೆಗೆಂದು. ಬೆಲ್ಲಕ್ಕೆ ಬದಲು ಸಕ್ಕರೆ ಬಂತು. ಮಡಿಕೆ ಕಾಳು ಮೊಳಕೆ ಕಟ್ಟಿದರೆ "ಕಾಳಿಗೆ ಬಾಲ ಬಂದೈತಿ, ತಗೀರಿ ಅದನ್ನ" ಎನ್ನುವರು. ಹುಳಿ ಸೊಪ್ಪಿನ ಪುಂಡಿಪಲ್ಯ ಕಂಡರೆ "ಆಡು ಎಲ್ಲಿ ಹೋತು?" ಎನ್ನುವರು. ಹೊತ್ತು ಹೊತ್ತಿಗೂ ಅನ್ನ, ತುಪ್ಪ, ಸಕ್ಕರೆ. ನಡುವೆ ಚಹಾದಲ್ಲಿ ಅದ್ದಿದ ಬಿಸ್ಕೀಟು.

ನನ್ನ ಗಂಡನೂ ಆ ಪಂಕ್ತಿಯಲ್ಲೇ ಕೂಡಬೇಕಾಗಿತ್ತು. ಕೂಡುತ್ತಿದ್ದರು, ಎರಡು ತುತ್ತು ತಿಂದು ಏಳುತ್ತಿದ್ದರು, ಕೈತೊಳೆಯುವ ನೆವದಿಂದ ಹಿತ್ತಲಿಗೆ ಹೋಗುತ್ತಿದ್ದರು. ಅಲ್ಲಿ ಅತ್ತೆ ಬಿಸಿ ರೊಟ್ಟಿಯ ಮೇಲೆ ಗುರೆಳ್ಳಿನ ಖಾರದ ಹಿಂಡಿ ಉದುರಿಸಿ, ಹಸಿ ಉಳ್ಳಾಗಡ್ಡಿಯನ್ನು ಗುದ್ದಿ ಇಟ್ಟಿರುತ್ತಿದ್ದರು. ಮಗ ಗೋಡೆಗೆ ಮುಖ ಮಾಡಿ ನಿಂತು ತಿನ್ನುತ್ತಿದ್ದ. ಮದುವೆಯಾದ ಗಂಡಸು ಕದ್ದು ತಿನ್ನುವುದು ರೊಟ್ಟಿಯನ್ನಷ್ಟೇ ಎಂದು ತಿಳಿದು ನನಗೆ ಸಮಾಧಾನವೇ ಆಯಿತು.

ಮಾವನವರ ಹೊಟ್ಟೆ ಮೊದಲು ಮುಷ್ಕರ ಹೂಡಿತು. ಬೆಳಿಗ್ಗೆ ತಂಬಿಗೆ ಹಿಡಿದು ಹೋದವರು ಸೂರ್ಯ ನೆತ್ತಿಯ ಕಡೆ ಹೊರಟಾಗ ಹಿಂತಿರುಗುತ್ತಿದ್ದರು, ಹೋದಾಗಿನ ಮುಖವನ್ನೇ ಹೊತ್ತುಕೊಂಡು. ಭೇದಿಗೆಂದು ಔಡಲೆಣ್ಣೆ ಕುಡಿದರು. ಆಮೇಲೆ ಕಾಲು ಜುಮುಗುಡತೊಡಗಿತು. ಕಚೇರಿಯ ಮೆಟ್ಟಿಲು ಹತ್ತುವಾಗ ಏದುಸಿರು. ಸಂಜೆಗೆ ಪಾದ ಬಾತು ಮೆಟ್ಟುವ ಜೋಡು ಹಿಡಿಸದು.

"ಇದು ಕುರ್ಚಿ ಮ್ಯಾಲಿನ ಬ್ಯಾನಿ. ದೊಡ್ಡ ಹುದ್ದೆದವರಿಗೆ ಬರತೈತಿ" ಎಂದು ಅದಕ್ಕೂ ಒಂದು ದೊಡ್ಡಸ್ತಿಕೆ ಹಚ್ಚಿದರು.

ಅದೇ ದಿನಗಳಲ್ಲಿ ಬೆಲ್ಲದ ಬಾಗೇವಾಡಿಯ ಇನ್ನೊಬ್ಬ ಬೀಗರ ಮನೆಯಲ್ಲಿ ಬಸುರಿಗೆ ಕುಪ್ಪಸ ತೊಡಿಸುವ ಕಾರ್ಯ. ಎಲ್ಲರೂ ಹೋಗಿದ್ದೆವು. ಅವರು ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ, ಗೋಧಿ ಹುಗ್ಗಿ ಮಾಡಿದ್ದರು. ನಮ್ಮ ಮಾವನವರು ಎಲೆಯನ್ನೊಮ್ಮೆ, ಬೀಗರನ್ನೊಮ್ಮೆ ನೋಡಿ, "ಅನ್ನ ಇಲ್ಲೇನ್ರಿ? ಗಿರಣಿ ಅಕ್ಕೀದು?" ಎಂದರು. ಬೀಗರು ನಾಚಿಕೊಂಡು ಎಲ್ಲಿಂದಲೋ ಒಂದು ಹಿಡಿ ಅನ್ನ ಹೊಂದಿಸಿ ತಂದರು. ಊಟ ಮುಗಿದು ಪಂಕ್ತಿ ಎದ್ದಿತು, ಮಾವನವರು ಏಳಲಿಲ್ಲ. ಕೈಯೂರಿದರು, ತಿಣುಕಿದರು, ಮತ್ತೆ ಕುಳಿತರು. ಕಾಲು ಅವರ ಮಾತು ಕೇಳಲಿಲ್ಲ. ಕೊನೆಗೆ ರೊಟ್ಟಿ ತಿಂದ ಇಬ್ಬರು ಒಕ್ಕಲಿಗರು ಬಂದು ಕಂಕುಳಿಗೆ ಕೈಕೊಟ್ಟು ಜೋಳದ ಚೀಲದಂತೆ ಎತ್ತಿ ಕಟ್ಟೆಯ ಮೇಲೆ ಕೂಡಿಸಿದರು.

"ಕಾರಕೂನರು ಹಗುರ ಅದಾರಪಾ" ಎಂದ ಅವರಲ್ಲೊಬ್ಬ.

ಅದನ್ನು ಕೇಳಿ ಸೆರಗಿನಲ್ಲಿ ನಕ್ಕವರಲ್ಲಿ ನಾನೂ ಇದ್ದೆ. ಅತ್ತೆ ನಗಲಿಲ್ಲ. ಮರುದಿನವೇ ಗೋಕಾಕಕ್ಕೆ ಹೋಗುವ ಮೋಟಾರು ಹತ್ತಿಸಿದರು.

ಗೋಕಾಕದ ಡಾಕ್ಟರರು ವಯಸ್ಸಾದವರು, ಮಾತು ಒರಟು. ಮಾವನವರ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ತೆಗೆದ ಮೇಲೂ ಅಲ್ಲಿ ಕುಳಿ ಹಾಗೆಯೇ ಉಳಿಯಿತು, ಹಿಟ್ಟಿನ ಮುದ್ದೆಯಲ್ಲಿ ಉಳಿದ ಹಾಗೆ.

"ಏನ್ ಉಣ್ಣತೀರಿ?"

ಮಾವನವರು ಬೆನ್ನು ನೆಟ್ಟಗೆ ಮಾಡಿ, ಪದವಿಗಳನ್ನು ಹೇಳುವ ಹಾಗೆ ಹೇಳಿದರು. ಗಿರಣಿ ಅಕ್ಕಿ. ಸಕ್ಕರೆ. ಬಿಸ್ಕೀಟು.

"ಕಾಳು, ಪಲ್ಯ, ರೊಟ್ಟಿ?"

"ಅವನ್ನ ಬಿಟ್ಟೇನ್ರಿ. ನಾವು ಸುಧಾರಿಸೇವಿ."

"ಸುಧಾರಿಸಿದ್ದು ಕಾಲಾಗ ಕಾಣಾಕತ್ತೈತಿ ಬಿಡ್ರಿ" ಎಂದರು ಡಾಕ್ಟರರು. "ಕಾರಕೂನರ, ಕಾಳಿನ ಬಲ ಇರೂದು ಅದರ ಸಿಪ್ಪಿಯೊಳಗ. ನೀವು ಗಿರಣಿಯವಗ ಹೇಳಿ ಅದನ್ನ ಕೆರಸಿ ಬಿಸಾಕಿ, ಉಳಿದ ಸುಣ್ಣ ತಿನ್ನಾಕತ್ತೀರಿ. ದಿನಾ ಒಂದು ಹಿಡಿ ತೌಡು ತಿನ್ರಿ. ರೊಟ್ಟಿ, ಮೊಳಕಿ ಕಾಳು, ತಪ್ಪಲಪಲ್ಯ ಉಣ್ರಿ. ನಾ ಕೊಡೂ ಔಷಧ ಏನೂ ಇಲ್ಲ."

ಮಾವನವರು ಎದ್ದು ನಿಂತರು. ಬಾಗೇವಾಡಿಯಲ್ಲಿ ಆಗದೆ ಹೋದದ್ದು ಸಿಟ್ಟಿನ ಬಲದಿಂದ ಇಲ್ಲಿ ಆಯಿತು. "ತೌಡ ತಿನ್ನಾಕ ನಾ ಏನು ಎಮ್ಮಿ ಏನ್ರಿ?" ಎಂದವರೇ ಗೋಡೆ ಹಿಡಿದು ಹೊರಗೆ ಹೋದರು.

ಅತ್ತೆ ಎಲೆಯಡಿಕೆಯ ಚೀಲ ಮರೆತೆನೆಂದು ನನ್ನನ್ನು ಕರೆದುಕೊಂಡು ಮತ್ತೆ ಒಳಗೆ ಹೋದರು. "ಡಾಕ್ಟರ್ ಸಾಹೇಬ್ರ, ತೌಡು ನಮ್ಮ ಮನ್ಯಾಗ ಬೇಕಾದಷ್ಟು ಐತ್ರಿ. ನೀವು ಒಂದು ಖಾಲಿ ಡಬ್ಬಿ ಕೊಡ್ರಿ. ಇಂಗ್ಲಿಷಿನ್ಯಾಗ ಬರದಿದ್ದು."

ಡಾಕ್ಟರರು ಒಂದು ಕ್ಷಣ ಅತ್ತೆಯ ಮುಖ ನೋಡಿದರು. ಆಮೇಲೆ ಎದ್ದು ಕಪಾಟು ಹುಡುಕಿ, ಬಂಗಾರದ ಅಕ್ಷರಗಳಿದ್ದ ಒಂದು ತಗಡಿನ ಡಬ್ಬಿ ತೆಗೆದು ಒರೆಸಿ ಕೊಟ್ಟರು. ಹೊರಗೆ ಕುಳಿತ ಮಾವನವರಿಗೆ ಕೇಳುವಂತೆ ಗಟ್ಟಿಯಾಗಿ, "ಇದು ವಿಲಾಯತಿ ಮಾಲು ಐತ್ರಿ! ಪಥ್ಯ ತಪ್ಪಿದ್ರ ಉಲ್ಟಾ ಹೊಡೀತೈತಿ! ಜ್ವಾಳದ ರೊಟ್ಟಿ, ಮೊಳಕಿ ಕಾಳು, ಪುಂಡಿಪಲ್ಯ. ಗಿರಣಿ ಅಕ್ಕಿ, ಸಕ್ಕರಿ ಮುಟ್ಟಂಗಿಲ್ಲ!" ಎಂದು ಕೂಗಿದರು.

ಊರಿಗೆ ಬಂದ ಕೂಡಲೇ ಅತ್ತೆ ತೌಡನ್ನು ಸಾಣಿಸಿ, ಘಮ್ಮೆನ್ನುವಂತೆ ಹುರಿದು, ಔಷಧದ ವಾಸನೆ ಬರಲೆಂದು ಒಣಶುಂಠಿ ಬೆರೆಸಿ ಡಬ್ಬಿ ತುಂಬಿದರು. ಮಾವನವರು ಅದನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು ಕಣ್ಣುಮುಚ್ಚಿ ಕುಡಿದರು. "ಇಂಗ್ಲೀಷ್ ಔಷಧದ ಕಮಟ ಬ್ಯಾರೆನ ಇರತೈತಿ" ಎಂದರು. ಪಥ್ಯವೆಂದು ರೊಟ್ಟಿ ತಿಂದರು. ಬಾಲ ಬಂದ ಕಾಳನ್ನೂ ತಿಂದರು. ಆಡಿನ ಪಾಲನ್ನೂ ಬಿಡಲಿಲ್ಲ. ದಿನ ಕಳೆದಂತೆ ಬಾವು ಇಳಿಯಿತು. ಬೆಳಗಿನ ತಂಬಿಗೆ ಬೇಗ ಮನೆಗೆ ಬರತೊಡಗಿತು. ಮನೆಯಿಂದ ಕಚೇರಿಗೆ ನಡೆದೇ ಹೋದರು.

ಇಷ್ಟಕ್ಕೇ ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಬಂಗಾರದ ಅಕ್ಷರದ ಡಬ್ಬಿ ಮನೆಯಲ್ಲಿಟ್ಟುಕೊಂಡು ಯಾರಿಗೂ ತೋರಿಸದಿರಲು ಅವರೇನು ಸನ್ಯಾಸಿಯೇ? ಕಚೇರಿಗೆ ಒಯ್ದು ಮೇಲಧಿಕಾರಿ ಮಾಮಲೇದಾರರ ಮುಂದಿಟ್ಟು, ಲಂಡನ್ನಿನಿಂದ ಬಂದ ಔಷಧವೆಂದರು. ಮಾಮಲೇದಾರರು ಕೌಜಲಗಿಯ ರೈತರ ಮನೆಯವರು. ಚಿಟಿಕೆ ಬಾಯಿಗೆ ಹಾಕಿಕೊಂಡರು.

"ಕಾರಕೂನರ, ಲಂಡನ್ನಿನ್ಯಾಗ ಎಮ್ಮಿ ಅದಾವೇನ್ರಿ? ಇದು ತೌಡು!"

ಕಚೇರಿಯೆಲ್ಲ ನಕ್ಕಿತಂತೆ. ಮಾವನವರು ನಡುಹಗಲಿನಲ್ಲೇ ಮನೆಗೆ ಬಂದರು. ಬಾಗಿಲಲ್ಲೇ ಡಬ್ಬಿ ಎತ್ತಿ ಹಿಡಿದು, "ಏನಿದು?" ಎಂದು ಗರ್ಜಿಸಿದರು.

"ತೌಡು ರೀ" ಎಂದರು ಅತ್ತೆ.

"ಯಾವಾಗಿಂದ ನಡದೈತಿ ಇದು?"

"ನಿಮ್ಮ ಕಾಲು ನಡ್ಯಾಕ ಹತ್ತಿದಾಗಿಂದ ರೀ."

ಡಬ್ಬಿ ಅಂಗಳಕ್ಕೆ ಬಿತ್ತು. ಎಮ್ಮೆ ಕಟ್ಟಿದ ಹಗ್ಗವನ್ನು ಜಗ್ಗಿಕೊಂಡು ಬಂದು, ಬಂಗಾರದ ಅಕ್ಷರಗಳನ್ನು ಲೆಕ್ಕಿಸದೆ, ಚೆಲ್ಲಿದ್ದನ್ನೆಲ್ಲ ನೆಕ್ಕಿತು. ಮಾವನವರು ಅಂದೇ ಬಿಳಿ ಅನ್ನ ಮಾಡಿಸಿ ಉಂಡರು. ಮರುದಿನವೂ ಉಂಡರು. ಯಾರೂ ಬೇಡವೆನ್ನಲಿಲ್ಲ. ಅತ್ತೆ ಕೇಳಿದ್ದಕ್ಕಿಂತ ಒಂದು ಸೌಟು ಹೆಚ್ಚೇ ಬಡಿಸಿದರು. ಹೀಗೆ ಕೆಲವು ವಾರ ನಡೆದು, ಕಾಲು ಮತ್ತೆ ಜುಮುಗುಟ್ಟಿತು.

ಒಂದು ಮುಂಜಾನೆ ಅವರು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು. ಅಲ್ಲಿಯವರೆಗೆ ಅವರು ಆ ಹೊಸ್ತಿಲಿಗೆ ಬಂದದ್ದನ್ನು ನಾನು ನೋಡಿರಲಿಲ್ಲ.

"ಏ, ಆ ಔಷಧ ಕೊಡು."

"ಯಾವ ಔಷಧ ರೀ?" ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅದ. ಡಬ್ಬ್ಯಾಗಿಂದು."

"ಡಬ್ಬ್ಯಾಗ ಏನಿತ್ತು ರೀ?"

ಮಾವನವರು ನನ್ನ ಕಡೆ ನೋಡಿದರು, ಒಲೆಯ ಕಡೆ ನೋಡಿದರು, ಸೂರಿನ ಕಡೆ ನೋಡಿದರು.

"ತೌಡು" ಎಂದರು.

ಅತ್ತೆ ಎದ್ದು ಹುರಿದು ಕೊಟ್ಟರು.

ಕಾಲು ಸರಿಹೋದ ಮೇಲೆ ಮಾವನವರು ರೊಟ್ಟಿಯ ಮಹಿಮೆಯನ್ನು ಸಾರಲು ಹೊರಟರು. ಮೂಡಲಗಿಯ ನನ್ನ ತವರಿಗೂ ಬಂದು, ಹುಟ್ಟಿದಾಗಿನಿಂದ ರೊಟ್ಟಿಯನ್ನಲ್ಲದೆ ಬೇರೇನೂ ಕಾಣದ ನನ್ನ ಅಪ್ಪನನ್ನು ಕೂಡಿಸಿಕೊಂಡು ರೊಟ್ಟಿ ತಿನ್ನುವುದು ಹೇಗೆಂದು ಬೋಧಿಸಿದರು. "ನಾ ಸ್ವತಃ ಪರೀಕ್ಷಾ ಮಾಡಿ ನೋಡೇನ್ರಿ, ಬೀಗರ" ಎಂದರು. ಅಪ್ಪ ಕೈಮುಗಿದು ಕೇಳಿದರು, ನಡುವೆ ಸ್ವಲ್ಪ ತೂಕಡಿಸಿದರು.

ಈಗ ಮೊದಲ ಬಿಸಿ ರೊಟ್ಟಿ ಗಂಡಸರ ಪಂಕ್ತಿಗೆ ಹೋಗಬೇಕಾಯಿತು. ಗಿರಣಿ ಅಕ್ಕಿಯ ಮೂಟೆ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಮಾವನವರು ಅದನ್ನು ಕಾಲಿನಿಂದ ತಟ್ಟಿ, "ಇದನ್ನ ನೀವು ಹೆಂಗಸ್ರು ಉಂಡು ಮುಗಸ್ರಿ. ನಿಮಗೇನೂ ಆಗಂಗಿಲ್ಲ" ಎಂದು ಅಪ್ಪಣೆ ಮಾಡಿದರು.

"ಆತು ರೀ" ಎಂದರು ಅತ್ತೆ.

ಆ ಅಕ್ಕಿಯ ಒಂದು ಅಗುಳೂ ನಮ್ಮ ಹೊಟ್ಟೆಗೆ ಹೋಗಲಿಲ್ಲ. ಅತ್ತೆ ವಾರವಾರವೂ ಅದನ್ನು ನುಣ್ಣಗೆ ಬೇಯಿಸಿ, ಗಂಜಿ ಮಾಡಿ, ಮಾವನವರ ಧೋತರಗಳನ್ನೂ ರುಮಾಲನ್ನೂ ಅದರಲ್ಲಿ ಅದ್ದಿ ಒಣಗಿಸಿದರು. ಆ ಬೇಸಿಗೆಯೆಲ್ಲ ಮಾವನವರು ಓಣಿಯಲ್ಲಿ ನಡೆದರೆ ಒಣ ಎಲೆ ತುಳಿದಂತೆ ಸದ್ದಾಗುತ್ತಿತ್ತು.