ತಾರೀಖು ನನ್ನದು, ತಿಥಿ ಅಜ್ಜನದು

ಹೊಸ ಕ್ಯಾಲೆಂಡರ್ ಬಂದ ಕೂಡಲೇ ಮನೆಯವರೆಲ್ಲ ಜನವರಿ ನೋಡಿದರೆ ನಾನು ಸೀದಾ ನವೆಂಬರಿಗೆ ಹಾರುತ್ತಿದ್ದೆ. ಆನವಟ್ಟಿಯ ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಡುತ್ತಿದ್ದ ಕ್ಯಾಲೆಂಡರ್ ಅದು. ಒಂದೊಂದು ತಾರೀಖಿನ ಚೌಕದಲ್ಲೂ ಯಾರದೋ ಜಯಂತಿ, ಯಾವುದೋ ಏಕಾದಶಿ, ಎಲ್ಲಿಯದೋ ಉರುಸು ಇರುವೆಯಂಥ ಅಕ್ಷರಗಳಲ್ಲಿ ಒತ್ತಿಕೊಂಡು ಕೂತಿರುತ್ತಿದ್ದವು. ನಾನು ಹುಟ್ಟಿದ ತಾರೀಖಿನ ಚೌಕದಲ್ಲಿ ಈ ಸಲ ಯಾರಿದ್ದಾರೆ ಎಂದು ನೋಡುವುದು ನನ್ನ ಚಟ. ದೊಡ್ಡವರ ಜಯಂತಿ ಬಿದ್ದ ವರ್ಷವಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಆದರೆ ಆ ಚೌಕದಲ್ಲಿ ಅಚ್ಚಾಗದ ಒಬ್ಬರಿದ್ದರು. ನಾನು ಹುಟ್ಟಿದ ದಿನವೇ ಅಪ್ಪನ ಅಪ್ಪ ತೀರಿಕೊಂಡಿದ್ದರು. ನಾನು ಹುಟ್ಟಿದ್ದು ಅಮ್ಮನ ತವರು ಶಿಕಾರಿಪುರದ ಆಸ್ಪತ್ರೆಯಲ್ಲಿ, ಅಜ್ಜ ಹೋದದ್ದು ಕುಬಟೂರಿನ ನಮ್ಮ ಮನೆಯಲ್ಲಿ. ಆನವಟ್ಟಿಗೆ ಮದುವೆಯಾಗಿ ಹೋಗಿದ್ದ ಸೋದರತ್ತೆ ಬಂದಾಗಲೆಲ್ಲ ನನ್ನ ಗಲ್ಲ ಹಿಂಡಿ, "ಬರ್ತಾನೇ ನಮ್ಮಪ್ಪನ್ನ ಕಳಿಸ್ದೋಳು ಕಣೆ ನೀನು" ಅನ್ನುತ್ತಿದ್ದಳು. ಪ್ರೀತಿಯಿಂದಲೇ ಅನ್ನುತ್ತಿದ್ದಳು, ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಈ ವ್ಯಾಜ್ಯಕ್ಕೆ ಅಜ್ಜಿ ಯಾವತ್ತೋ ಹಿಸ್ಸೆ ಮಾಡಿ ಮುಗಿಸಿದ್ದಳು. "ತಾರೀಖು ಹುಡುಗೀದು, ತಿಥಿ ಅವರದು. ಒಬ್ಬರ ಹಿಸ್ಸೆಗೆ ಇನ್ನೊಬ್ಬರು ಕಾಲಿಡಂಗಿಲ್ಲ." ಹಾಗಾಗಿ ಕಾರ್ತಿಕ ಬಹುಳ ತದಿಗೆ ಅಜ್ಜನಿಗೆ: ಫೋಟೊಗೆ ಹೂವು, ಹೋಳಿಗೆಯ ಎಡೆ, ಜಂಗಮರಿಗೆ ಊಟ. ತಾರೀಖು ನನಗೆ: ಎಣ್ಣೆ ನೀರು, ಆರತಿ, ಕರಿಗಡುಬು. ತಿಥಿ ಒಂದು ವರ್ಷ ತಾರೀಖಿಗಿಂತ ಹಿಂದೆ, ಇನ್ನೊಂದು ವರ್ಷ ಮುಂದೆ ಸರಿಯುತ್ತಿದ್ದುದರಿಂದ ನಡುವಿನ ಬದು ಗಟ್ಟಿಯಾಗಿತ್ತು. ಆದರೂ ಆರತಿ ಎತ್ತುವಾಗ ಅಜ್ಜಿಯ ಕಣ್ಣು ತುಂಬಿದರೆ ನನಗೆ ಒಳಗೊಳಗೇ ಅಳುಕು. ಇವಳಿಗೂ ನಾನು ಅಜ್ಜನನ್ನು ಕಳಿಸಿ ಬಂದವಳೇ ಏನೋ.

ತೊಂಬತ್ತರ ದಶಕದ ನಡುವೆ, ನನಗೆ ಹತ್ತೊಂಬತ್ತು ತುಂಬುವ ವರ್ಷ, ನವೆಂಬರ್ ತೆಗೆದು ನೋಡಿದರೆ ನನ್ನ ಚೌಕದಲ್ಲೇ ಬಹುಳ ತದಿಗೆ. "ಹತ್ತೊಂಬತ್ತು ವರ್ಷಕ್ಕೊಂದು ಸಲ ತಾರೀಖು, ತಿಥಿ ಹಿಂಗೆ ಕೂಡ್ತಾವ್ರೀ" ಎಂದರು ಮನೆಗೆ ಬರುವ ಜಂಗಮರು. ನವೆಂಬರ್ ಹತ್ತಿರ ಬಂದಾಗ ನಾನೇ ಅಜ್ಜಿಗೆ, "ಈ ಸಲ ನಂದು ಬೇಡ ಬಿಡಜ್ಜಿ" ಎಂದೆ.

ಅವತ್ತು ಅತ್ತೆ ಮೊದಲ ಬಸ್ಸಿಗೇ ಬಂದಳು. ಅಜ್ಜಿ ಒಲೆಯ ಮುಂದೆ ಕರಿಗಡುಬು ಕರಿಯುತ್ತಿದ್ದಳು.

"ಅವ್ವಾ, ಎಡೆ ಇಡೋ ದಿನ ಇವಳ ಹುಟ್ಟಿದಹಬ್ಬ ಮಾಡ್ತೀಯೇನೆ?"

ಅಜ್ಜಿ ಜಾಲರಿ ಸೌಟು ಕೆಳಗಿಟ್ಟಳು. "ಹುಟ್ಟಿದಹಬ್ಬದ ದಿನ ಸಾವಿನ ಮಾತು ಬ್ಯಾಡ, ಎಡೆ ದಿನ ಹುಟ್ಟಿದ ಮಾತು ಬ್ಯಾಡ ಅಂತ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಇವತ್ತು ಎರಡೂ ಒಂದಾಗ್ಯಾವೆ. ಕೇಳ್ರಿ ಇಬ್ರೂ."

ನಾನು ಹುಟ್ಟಿದ ದಿನ ಮಧ್ಯಾಹ್ನ ಶಿಕಾರಿಪುರದಿಂದ ನನ್ನ ಸೋದರಮಾವ ಬಂದು, ಬಾಗಿಲಲ್ಲೇ ಸುದ್ದಿ ಹೇಳಿ, ಬಂದ ಬಸ್ಸಿಗೇ ತಿರುಗಿದ್ದನಂತೆ. ಅಪ್ಪ ಆಸ್ಪತ್ರೆಯಲ್ಲಿ, ಅತ್ತೆ ಆನವಟ್ಟಿಯಲ್ಲಿ. ಮನೆಯಲ್ಲಿದ್ದದ್ದು ಅಜ್ಜ, ಅಜ್ಜಿ ಇಬ್ಬರೇ. ಹಾಸಿಗೆ ಹಿಡಿದು ಗಂಜಿಯನ್ನೂ ಒಲ್ಲೆ ಎನ್ನುತ್ತಿದ್ದ ಅಜ್ಜ ಕಣ್ಣು ಬಿಟ್ಟು, "ಕೂಸಿನ ಹೆಸರಲ್ಲಿ ಕರಿಗಡುಬು ಮಾಡೇ, ನಾನೂ ಒಂದು ತಿಂತೀನಿ" ಅಂದರಂತೆ. ಅಜ್ಜಿ ಬೇಳೆ ಬೇಯಲು ಇಟ್ಟಳು. ಹೂರಣ ರುಬ್ಬಿ ಎದ್ದು ಬರುವಷ್ಟರಲ್ಲಿ ಅಜ್ಜ ಇರಲಿಲ್ಲ.

"ಆಸೆಪಟ್ಟು ಕೇಳಿದ್ದು ಕೊಡಾಕಾಗ್ಲಿಲ್ಲ. ಎಡೆಗೆ ಅದನ್ನ ಇಡಾಕೆ ನಂಗೆ ಕೈ ಏಳ್ಲಿಲ್ಲ. ಕೂಸಿನ ಹೆಸರಲ್ಲಿ ಮಾಡು ಅಂದಿದ್ರಲ್ಲ, ಅದಕ್ಕೇ ಇವಳಿಗೆ ವರ್ಷಾ ವರ್ಷಾ ಅದನ್ನೇ ಮಾಡ್ತೀನಿ."

ಅತ್ತೆ ಗೋಡೆಗೆ ಒರಗಿ ಕೂತು ಅತ್ತಳು. "ಕೂಸು ಹುಟ್ಟಿದ್ದು ಅಪ್ಪಂಗೆ ಗೊತ್ತಾಗಿತ್ತೇನವ್ವಾ" ಎಂದು ಮತ್ತೆ ಮತ್ತೆ ಕೇಳಿದಳು. ನನಗೆ ಅಳು ಬರಲಿಲ್ಲ. ಎಡೆಯ ದಿನ ಹಾಗನ್ನಬಾರದು, ಆದರೆ ನನಗೆ ಆದದ್ದು ಸಂತೋಷ. ನಾನು ಬಂದದ್ದು ಅಜ್ಜನಿಗೆ ಗೊತ್ತಿತ್ತು.

ನಮ್ಮ ಮನೆಯಲ್ಲಿ ಎಡೆಗೆ ಮುಂಚೆ ಮಕ್ಕಳೂ ಒಂದು ಅಗುಳು ಬಾಯಿಗೆ ಹಾಕುವಂತಿಲ್ಲ. ಅಜ್ಜಿ ಬಿಸಿ ಕಡುಬೊಂದನ್ನು ಮುರಿದು, ಊದಿ ಆರಿಸಿ ನನ್ನ ಕೈಗಿಟ್ಟಳು. ನಾನು ಅತ್ತೆಯ ಮುಖ ನೋಡಿದೆ.

"ತಿನ್ನು" ಎಂದಳು ಅತ್ತೆ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ. "ನಿನ್ನ ಹೆಸರಲ್ಲಿ ಮಾಡಿದ್ದಲ್ವಾ. ನೀ ತಿಂದ ಮೇಲೆ ನಮ್ಮಪ್ಪಂಗೆ ಇಡಾಣ."